ನೆಂಟರಿಗೆ ಹೇನು ಬಡಿಸಿದ ಬೆಟ್ಟಯ್ಯ

ತಿಬ್ಬಮ್ಮನಿಗೆ ಇದ್ದದ್ದು ಒಂದು ತುಂಡು ಹೊಲ, ಒಬ್ಬ ಮಗ. ಹೊಲ ಹೇಳಿದ ಮಾತು ಕೇಳುತ್ತಿರಲಿಲ್ಲ. ಮಗ ಬೆಟ್ಟಯ್ಯ ಹೇಳಿದ್ದನ್ನು ಹೇಳಿದ ಹಾಗೇ ಕೇಳುತ್ತಿದ್ದ. ಎರಡರಲ್ಲಿ ಮಗನದೇ ಹೆಚ್ಚು ಕಷ್ಟ.

ಆ ವರ್ಷ ಅಲಸಂದೆ ಹೂ ಬಿಡುವ ಹೊತ್ತಿಗೆ ಕುಡಿಕುಡಿಗೂ ರಸ ಹೀರುವ ಕರಿ ಹೇನು ಮೆತ್ತಿಕೊಂಡಿತು. ಕಾಳಾಗದಿದ್ದರೆ ವರ್ಷವೆಲ್ಲ ಸಾರಿಗೆ ಬರೀ ನೀರು. ತಿಬ್ಬಮ್ಮ ಬೇವಿನ ಬೀಜ ಕುಟ್ಟಿ, ಗಂಟು ಕಟ್ಟಿ ನೆನೆಹಾಕಿ, ಹಿಂಡಿದ ಕಷಾಯವನ್ನು ಮಗನ ಕೈಗೆ ಕೊಟ್ಟು, ಗಿಡದ ನೆತ್ತಿ ನೆನೆಯುವ ಹಾಗೆ ಹೊಡೆದು ಬಾ ಅಂದಳು.

ಹೊಡೆದು ಬಂದ. ನೆತ್ತಿ ತೊಯ್ದು ತೊಪ್ಪೆ, ಎಲೆಯಡಿಯಲ್ಲಿ ಹೇನು ಬೆಚ್ಚಗೆ. ತಿಬ್ಬಮ್ಮ ಹಣೆ ಚಚ್ಚಿಕೊಂಡು, ಹೇನಿರುವುದು ಎಲೆಯ ಅಡಿಯಲ್ಲಿ ಕಣೋ, ಅಡಿಯಿಂದ ಹೊಡಿ, ಕಣ್ಣಿಗೆ ಬಿದ್ದ ಹುಳ ಒಂದನ್ನೂ ಬಿಡಬೇಡ ಅಂತ ಬೈದು ಕಳಿಸಿದಳು.

ಬೆಟ್ಟಯ್ಯ ಗಿಡದ ಬುಡದಲ್ಲಿ ಅಂಗಾತ ಮಲಗಿ ಹೊಡೆದ. ಬಾಯೆಲ್ಲ ಕಹಿ. ಹೇನು ನೆನೆದವು. ಅಷ್ಟಕ್ಕೇ ನಿಲ್ಲದೆ, ಹೇನು ತಿನ್ನುತ್ತಿದ್ದ ಕೆಂಪು ಗುಲಗಂಜಿ ಹುಳಗಳನ್ನೂ ಅವುಗಳ ಮರಿಗಳನ್ನೂ ಆರಿಸಿ, ಗಟ್ಟಿ ಕಷಾಯದಲ್ಲಿ ಅದ್ದಿ, ತೆಂಗಿನ ಚಿಪ್ಪಿನಲ್ಲಿ ತಂದು ಅವ್ವನ ಮುಂದಿಟ್ಟ. ದೊಡ್ಡವು ರೆಕ್ಕೆ ಕೊಡವಿಕೊಂಡು ಎದ್ದವು, ಮರಿಗಳು ಏಳಲಿಲ್ಲ.

ತಿಬ್ಬಮ್ಮನಿಗೆ ಕೋಪಕ್ಕಿಂತ ಸಂಕಟವಾಯಿತು. "ಇವು ಹೇನು ತಿನ್ನಕ್ಕೆ ಬಂದಿರೋ ನೆಂಟ್ರು ಕಣೋ ಮಗ. ನೆಂಟ್ರ ಹಂಗೇ ನೋಡ್ಕೋ. ಹಸ್ಕೊಂಡು ಹೋಗಕ್ಕೆ ಬಿಡ್ಬೇಡ."

ನೋಡಿಕೊಂಡ. ದಿನಾ ಬದುವಿನ ಮೇಲೆ ಕೂತು ನೋಡಿಕೊಂಡ. ಬೇವಿನ ಕೆಲಸ ನಿಧಾನ. ವಾರವಾಗುವಷ್ಟರಲ್ಲಿ ಹೇನು ರಸ ಹೀರುವುದು ಬಿಟ್ಟು ಒಣಗಿ ಉದುರಿದವು. ಕುಡಿ ಹಸಿರಾಯಿತು, ಎಳೆ ಕಾಯಿ ಇಳಿಬಿತ್ತು. ತಿಬ್ಬಮ್ಮ ಸಾರಿನ ಮಡಕೆ ತೊಳೆದಿಟ್ಟಳು.

ಆದರೆ ತಿನ್ನಲು ಏನೂ ಸಿಗದೆ ಗುಲಗಂಜಿ ಹುಳಗಳು ಒಂದೊಂದಾಗಿ ಪಕ್ಕದ ಜವನೇಗೌಡರ ಹೊಲಕ್ಕೆ ಹಾರಿದವು. ಅಲ್ಲಿ ಹೇನಿನ ಸುಗ್ಗಿ. ಬೆಟ್ಟಯ್ಯನಿಗೆ ಮುಖ ಎತ್ತಲಾರದಷ್ಟು ನಾಚಿಕೆ. ನಮ್ಮ ನೆಂಟರು ಪಕ್ಕದವರ ಮನೆಯಲ್ಲಿ ಉಣ್ಣುವುದೇ?

ಮರುದಿನ ತಿಬ್ಬಮ್ಮ ಹೊಲಕ್ಕೆ ಬಂದರೆ ಕುಡಿಯೆಲ್ಲ ಮತ್ತೆ ಕಪ್ಪು. ಮಗ ಗೌಡರ ಹೊಲದಿಂದ ಹೇನು ಹತ್ತಿದ ಕುಡಿಗಳನ್ನು ಮಂಕರಿಗಟ್ಟಲೆ ಕೊಯ್ದು ತಂದು, ಗಿಡಗಿಡಕ್ಕೂ ಕೊಡವುತ್ತಿದ್ದ. ಗೌಡರು ತಾವೇ ಕುಡುಗೋಲು ಕೊಟ್ಟು, ಇನ್ನೂ ಬೇಕಾದರೆ ತಗೊಂಡು ಹೋಗಪ್ಪ ಅಂದಿದ್ದರಂತೆ. ಕುಡಿಗಳ ಜೊತೆ ವಾಪಸು ಬಂದಿದ್ದ ನಾಲ್ಕು ಗುಲಗಂಜಿ ಹುಳ ಅಷ್ಟಿಷ್ಟು ತಿಂದು ಎಲೆಯ ಮೇಲೆ ಸುಮ್ಮನೆ ಕೂತಿದ್ದವು.

ತಿಬ್ಬಮ್ಮ ಬದುವಿನ ಮೇಲೆ ಕುಸಿದು ಕೂತಳು.

ಬೆಟ್ಟಯ್ಯ ಹತ್ತಿರ ಬಂದು ದನಿ ತಗ್ಗಿಸಿದ. "ಅರ್ಧಕ್ಕೇ ಕೈ ತೊಳೆದವ್ರೆ ಅವ್ವ. ಸಂಕೋಚ ಇರ್ಬೇಕು. ನೀನೇ ಬಂದು ಒಂದ್ಸಲ ಬಲವಂತ ಮಾಡು."