ದೊರೆಯ ವಲ್ಲಿ, ಮೇಷ್ಟ್ರ ‘ಗೆಟ್’

ಗಿಳಿಯೂರಿನ ದೊರೆ ಚೆಲುವ ನಾಯಕ ಹುಲಿ ಹೊಡೆದವನಲ್ಲ, ಕೋಟೆ ಗೆದ್ದವನೂ ಅಲ್ಲ. ಆದರೆ ಹೊಡೆಯುತ್ತೇನೆ, ಗೆಲ್ಲುತ್ತೇನೆ ಎಂದು ಹೇಳುವುದರಲ್ಲಿ ಅವನನ್ನು ಮೀರಿಸುವವರು ಸುತ್ತೇಳು ಸೀಮೆಯಲ್ಲಿ ಇರಲಿಲ್ಲ.

“ಒಂದು ಮಂಡಲ ಸಾಕು! ನಲವತ್ತೆಂಟೇ ದಿನ. ಕಂಪನಿ ಸಾಹೇಬ ಇಲ್ಲಿಗೆ ಬರೋ ಹೊತ್ತಿಗೆ ಅವನ ಇಂಗ್ಲಿಷೆಲ್ಲ ನನ್ನ ನಾಲಗೆ ಮೇಲಿರುತ್ತೆ” ಎಂದು ಮೀಸೆ ತಿರುವಿ, ಮದರಾಸಿನಿಂದ ಗುರುಲಿಂಗಯ್ಯ ಮೇಷ್ಟ್ರನ್ನು ಕರೆಸಿಕೊಂಡ.

ಮೂರು ದಿನ ಸುಖವಾಗಿ ಕಳೆಯಿತು. ಕ್ಯಾಟ್ ಅಂದರೆ ಬೆಕ್ಕು, ರ್‍ಯಾಟ್ ಅಂದರೆ ಇಲಿ. ನಾಲ್ಕನೆಯ ದಿನ ‘ಗೆಟ್’ ಬಂತು. ಬಂದದ್ದು ಹನ್ನೆರಡು ದಿನವಾದರೂ ಹೋಗಲಿಲ್ಲ.

ದೊರೆಯ ಪಕ್ಕದಲ್ಲಿ ಕೂತು ವೀಳ್ಯ ಮಡಿಸಿಕೊಡುವುದು ಅಡಪದ ದೇವೀರಮ್ಮನ ಕೆಲಸ. ಕೈ ಎಲೆಯ ಮೇಲೆ, ಕಿವಿ ಪಾಠದ ಮೇಲೆ. ಆ ಹನ್ನೆರಡು ದಿನದಲ್ಲಿ ‘ಗೆಟ್’ ಅವಳಿಗೆ ಪೂರ್ತಿ ಬಂದಿತ್ತು. ಬಂದಿದೆ ಎಂದು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಏನೇನು ಗೊತ್ತಿಲ್ಲದ ಹಾಗೆ ಇರಬೇಕು ಎನ್ನುವುದನ್ನು ಅರಮನೆಯಲ್ಲಿ ಮೂವತ್ತು ವರ್ಷ ಬಾಳಿದ ಹೆಂಗಸಿಗೆ ಯಾವ ಮೇಷ್ಟ್ರೂ ಕಲಿಸಬೇಕಾಗಿಲ್ಲ.

“ಏನ್ರೀ ಮೇಷ್ಟ್ರೇ, ಮೊದಲು ಗೆಟ್ ಅಂದ್ರೆ ಪಡೆ ಅಂದ್ರಿ.”

“ಹೌದು ಬುದ್ಧಿ.”

“ಆಮೇಲೆ ಗೆಟ್ ಅಪ್, ಏಳು ಅಂದ್ರಿ. ಗೆಟ್ ಔಟ್, ತೊಲಗು ಅಂದ್ರಿ. ನಿನ್ನೆ ಗೆಟ್ ಓಲ್ಡ್, ಮುದುಕನಾಗು.”

“ಹೌದು ಬುದ್ಧಿ. ಇವತ್ತಿನದು ಗೆಟ್ ಮ್ಯಾರೀಡ್, ಮದುವೆಯಾಗು.”

“ಮುದುಕನಾದ ಮೇಲೆ?”

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ದೊರೆಯ ಮುಖ ಕೆಂಪಾಯಿತು.

“ಅರಮನೆ ತುಪ್ಪ ಬಾಯಿಗೆ ಹತ್ತಿದೆ, ಅದಕ್ಕೇ ಒಂದೇ ಪದಾನ ಎಳೀತಿದೀರಿ! ನಮ್ಮಲ್ಲಿ ಒಂದು ಪದಕ್ಕೆ ಒಂದೇ ಕೆಲಸ. ನಾಳೆ ಸಭೆ ಮುಗಿಯೋದ್ರೊಳಗೆ ಗೆಟ್‌ಗೆ ಒಂದೇ ಒಂದು ಅರ್ಥ ಹೇಳಿ. ಇಲ್ಲಾಂದ್ರೆ ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ ಗಡಿ ದಾಟಿಸ್ತೀನಿ.”

ಮೇಷ್ಟ್ರು ಪುಸ್ತಕ ಮುಚ್ಚಿದರು. ದೇವೀರಮ್ಮನ ಕೈಯಲ್ಲಿದ್ದ ಎಲೆ ಅರ್ಧಕ್ಕೇ ನಿಂತಿತು. ಮೇಷ್ಟ್ರು ಹೋದರೆ ಪಾಠವೂ ಹೋಯಿತು. ಇಂಗ್ಲಿಷಿನಲ್ಲಿ ಇನ್ನೂ ಬೇಕಾದಷ್ಟು ಪದ ಬಾಕಿ ಇದ್ದವು.

“ಬುದ್ಧಿಯವರ ಮಾತು ಬಂಗಾರ” ಎಂದಳು. “ಆದ್ರೆ ಪದಕ್ಕೊಂದು ನ್ಯಾಯ, ವಸ್ತುವಿಗೊಂದು ನ್ಯಾಯ ಆದ್ರೆ ಸಾಹೇಬ ನಗಲ್ವೆ? ಅರಮನೇಲಿ ಯಾವ ವಸ್ತುವಿಗಾದ್ರೂ ಒಂದೇ ಕೆಲಸ ಅಂತ ಡಂಗುರ ಹೊಡೆಸಿಬಿಡಿ. ತಪ್ಪಿದವರು ಯಾರೇ ಆಗ್ಲಿ, ಅವರಿಗೂ ಅದೇ ಕತ್ತೆ.”

ಮೇಷ್ಟ್ರು ಅವಳನ್ನು ನೋಡಿದ ನೋಟ, ಮುಳುಗುವವನು ತನ್ನ ಕೊರಳಿಗೆ ಕಲ್ಲು ಕಟ್ಟುವವಳನ್ನು ನೋಡುವಂತಿತ್ತು.

“ನೋಡಿ, ಬುದ್ಧಿವಂತಿಕೆ ಅಂದ್ರೆ ಇದು!” ಎಂದ ದೊರೆ. ಕರಣಿಕ ಪಟ್ಟಿ ಬರೆಯಲು ಕೂತ. ಚೊಂಬು, ನೀರು ಕುಡಿಯಲು. ಕೊಡೆ, ಬಿಸಿಲಿಗೆ.

“ಬುದ್ಧಿಯವರ ವಲ್ಲಿ?” ಎಂದು ದೇವೀರಮ್ಮ ಮೆಲ್ಲಗೆ ಕೇಳಿದಳು.

ದೊರೆ ಹೆಗಲ ಮೇಲಿನ ಜರಿಯಂಚಿನ ವಲ್ಲಿಯನ್ನು ಸರಿಮಾಡಿಕೊಂಡ. “ಹೆಗಲಿಗೆ ಶೋಭೆ. ಇನ್ನೇನು?”

ಬರೆದದ್ದಾಯಿತು. ಊರೆಲ್ಲ ಡಂಗುರವೂ ಆಯಿತು.

ಮಾರನೆಯ ದಿನ ವೈಶಾಖದ ಬಿಸಿಲು ಹಂಚು ಕಾದ ಹಾಗೆ ಕಾದಿತ್ತು. ದೊರೆಯ ಹಣೆಯಲ್ಲಿ ಬೆವರು ಇಳಿಯಿತು. ಕೈ ವಲ್ಲಿಯ ಕಡೆ ಹೋಯಿತು. ದೇವೀರಮ್ಮ ಕೆಮ್ಮಿದಳು. ಅಂಗಳದಲ್ಲಿ ತಂದು ಕಟ್ಟಿದ್ದ ಕತ್ತೆಯೂ ಯಾಕೋ ಆಗಲೇ ಅರಚಿತು. ಕೈ ಹಿಂದಕ್ಕೆ ಬಂತು.

ಮಾವಿನಹಣ್ಣು ತಿಂದದ್ದಾಯಿತು, ರಸ ಮೊಣಕೈವರೆಗೆ ಇಳಿಯಿತು. ಕೆಮ್ಮು. ರಸಕ್ಕೆ ನೊಣ ಬಂತು, ಬೀಸಿ ಓಡಿಸೋಣವೆಂದರೆ ಮತ್ತೆ ಕೆಮ್ಮು.

ಆಮೇಲೆ ಆಸ್ಥಾನ ಕವಿ ಎದ್ದು ನಿಂತು ದೊರೆಯ ಮೇಲಿನ ನೂರೆಂಟು ಪದ್ಯಗಳನ್ನು ಹಾಡತೊಡಗಿದ. ದಿನವೂ ಈ ಹೊತ್ತಿಗೆ ದೊರೆ ವಲ್ಲಿಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಿದ್ದ. ಆಹಾ, ಧ್ಯಾನ ಹತ್ತಿತು ಎಂದು ಸಭೆ ಕೈಮುಗಿಯುತ್ತಿತ್ತು. ಧ್ಯಾನ ಗೊರಕೆ ಹೊಡೆದಾಗಲೆಲ್ಲ ದೇವೀರಮ್ಮ ಅಡಕತ್ತರಿಯನ್ನು ಟಕಟಕನೆ ಆಡಿಸಿ ಆ ಸದ್ದನ್ನು ಮುಚ್ಚುತ್ತಿದ್ದಳು. ಇವತ್ತು ವಲ್ಲಿ ಹೆಗಲ ಮೇಲೇ ಕೂತಿತ್ತು. ಅಡಕತ್ತರಿ ತಟ್ಟೆಯಲ್ಲಿ ಮಲಗಿತ್ತು.

ಹದಿನಾಲ್ಕನೆಯ ಪದ್ಯಕ್ಕೆ ದೊರೆಯ ಕಣ್ಣು ಮುಚ್ಚಿತು, ಬಾಯಿ ತೆರೆಯಿತು. ಹದಿನೈದಕ್ಕೆ ಗೊರಕೆ ಕಂಬಕ್ಕೆ ಬಡಿದು ವಾಪಸು ಬಂತು. ಕವಿ ಹಾಡು ನಿಲ್ಲಿಸಿದ. ಆ ನಿಶ್ಶಬ್ದಕ್ಕೇ ದೊರೆಗೆ ಎಚ್ಚರವಾಯಿತು. ಇಡೀ ಸಭೆ ಅವನ ಬಾಯಿಯನ್ನೇ ನೋಡುತ್ತಿತ್ತು.

“ಸಾಕು ಈ ಹಾಳು ಕಾನೂನು! ನನ್ನ ವಲ್ಲಿ ನನಗೆ ಬಿಡಿ!”

“ಅಗತ್ಯವಾಗಿ ಬುದ್ಧಿ” ಎಂದಳು ದೇವೀರಮ್ಮ. “ಯಾವ ಕೆಲಸಕ್ಕೆ? ಒಂದೇ ಹೇಳಿ, ಕರಣಿಕರು ತಿದ್ದಿಕೊಳ್ತಾರೆ.”

“ಒಂದೇ ಅಂತ ಹೇಗೆ ಹೇಳಲಿ? ಬೆವರು ಬಂದ್ರೆ ಒರೆಸೋಕೆ, ಸೆಖೆ ಆದ್ರೆ ಬೀಸೋಕೆ, ನಿದ್ದೆ... ಧ್ಯಾನ ಬಂದ್ರೆ ಹೊದ್ದುಕೊಳ್ಳೋಕೆ! ಆ ಹೊತ್ತಿಗೆ ಪಕ್ಕದಲ್ಲಿ ಏನು ಬಂದು ನಿಲ್ಲುತ್ತೋ ಅದೇ ಅದರ ಕೆಲಸ! ಅಷ್ಟೂ ಗೊತ್ತಾಗಲ್ವೆ?”

ದೇವೀರಮ್ಮ ಮೇಷ್ಟ್ರ ಕಡೆ ತಿರುಗಿದಳು.

“ಬರ್ಕೊಳ್ಳಿ ಮೇಷ್ಟ್ರೇ. ನೀವು ಹನ್ನೆರಡು ದಿನದಲ್ಲಿ ಹೇಳೋಕಾಗದ ‘ಗೆಟ್’ ಅರ್ಥಾನ ಬುದ್ಧಿಯವರು ಒಂದೇ ಉಸಿರಲ್ಲಿ ಹೇಳಿಬಿಟ್ರು.”

ದೊರೆ ಒಮ್ಮೆ ಸಭೆಯತ್ತ ಕಣ್ಣು ಹಾಯಿಸಿದ. ಆಮೇಲೆ ಹೊಟ್ಟೆ ಕುಣಿಯುವ ಹಾಗೆ ನಕ್ಕ. ಬೈದರೆ ದಡ್ಡ ಅನ್ನಿಸಿಕೊಳ್ಳಬೇಕು, ನಕ್ಕರೆ ಪಂಡಿತ. ಅಷ್ಟು ಲೆಕ್ಕ ಅವನಿಗೂ ಬರುತ್ತಿತ್ತು. ಕತ್ತೆಯನ್ನು ಅಗಸನ ಮನೆಗೆ ಅಟ್ಟಿಸಿ, ಹೆಗಲ ಮೇಲಿನ ವಲ್ಲಿಯನ್ನು ತೆಗೆದು ಮೇಷ್ಟ್ರಿಗೆ ಹೊದಿಸಿದ. ಮೇಷ್ಟ್ರು ಮೊದಲು ಅದರಲ್ಲೇ ಕಣ್ಣೊರೆಸಿಕೊಂಡರು.

“ಸರಿ, ನಾಳೆ ಯಾವ ಪದ?”

“‘ಸೆಟ್’, ಬುದ್ಧಿ.”

“ಅದಕ್ಕೆಷ್ಟು ಅರ್ಥ?”

ಮೇಷ್ಟ್ರು ತಲೆ ತಗ್ಗಿಸಿದರು. “ಅದರ ಮುಂದೆ ‘ಗೆಟ್’ ತೊಟ್ಟಿಲ ಕೂಸು ಬುದ್ಧಿ.”

ದೊರೆ ಮುಖ ಮುಚ್ಚಿಕೊಳ್ಳಲು ಹೆಗಲಿಗೆ ಕೈ ಹಾಕಿದ. ಹೆಗಲು ಬೋಳಾಗಿತ್ತು.

ದೇವೀರಮ್ಮ ಸದ್ದಿಲ್ಲದೆ ಅಡಕತ್ತರಿಯನ್ನು ಕೈಗೆತ್ತಿಕೊಂಡಳು.