ಗೂಟದ ಹಗ್ಗ

“ಗುರುಗಳೇ, ನಮ್ಮೂರ ಗಡಿಗಲ್ಲಿನ ಮೇಲೆ ಮೂರು ಸಾಮ್ರಾಜ್ಯಗಳ ಗುರುತುಗಳಿವೆ. ಒಂದರ ನೆಲ ದೊಡ್ಡದು, ಒಂದರ ಧರ್ಮ ದೊಡ್ಡದು, ಒಂದರ ನ್ಯಾಯ ದೊಡ್ಡದು ಎನ್ನುತ್ತಾರೆ. ಮೂರರಲ್ಲಿ ಯಾವುದು ಮೇಲು?” ಎಂದು ಗೌಡರ ಮನೆಯ ಮಗ ಸಿದ್ಧವೀರ ಕೇಳಿದ. ಆ ಕಲ್ಲಿನ ಬಗ್ಗೆ ಅವನಿಗೆ ಬಹಳ ಹೆಮ್ಮೆ.

“ಕಲ್ಲನ್ನು ನೋಡಿದ್ದೀಯೆ. ಹೊತ್ತವನ ಕತೆ ಕೇಳು,” ಎಂದರು ಗುರುಗಳು.

ಊರಾಚೆಯ ಕೇರಿಯಲ್ಲಿ ಒಬ್ಬ ಕಲ್ಲು ಹೊರುವವನಿದ್ದ. ಊರಿಗೆ ಇದ್ದದ್ದು ಒಂದೇ ಬಾವಿ. ಅದರ ಹಗ್ಗ ಗೌಡನ ಮನೆಯ ಗೂಟದಲ್ಲಿ ತೂಗುತ್ತಿತ್ತು. ಕೇರಿಯವರು ಅದನ್ನು ಮುಟ್ಟುವ ಹಾಗಿರಲಿಲ್ಲ. ದೂರದಲ್ಲಿ ಕೊಡ ಇಟ್ಟು, ಯಾರಾದರೂ ಮನಸ್ಸು ಬಂದು ನೀರು ಹೊಯ್ಯುವವರೆಗೆ ಕುಕ್ಕರಗಾಲಲ್ಲಿ ಕೂತಿರಬೇಕು.

ಮೊದಲ ಚಕ್ರವರ್ತಿ ಗೆದ್ದು ಬಂದ. ಕಡಲಿಂದ ಕಡಲಿಗೆ ಒಂದೇ ನೆಲ ಎಂದು ಡಂಗುರ ಸಾರಿಸಿದ. ಇವನು ಗಡಿಗಲ್ಲು ಹೊತ್ತು ಗುಡ್ಡದಾಚೆ ನೆಟ್ಟು ಬಂದ. ನೆಲವೆಲ್ಲ ಒಂದಾದ ಮೇಲೆ ಬಾವಿಯೂ ಒಂದೇ ಎಂದುಕೊಂಡು ಕಟ್ಟೆಯ ಬಳಿ ಹೋದ. ಹೊಸ ದೊರೆ ಕೊಟ್ಟ ಕಡಗ ತೊಟ್ಟುಕೊಂಡು ಗೌಡ ಅಲ್ಲೇ ಕೂತಿದ್ದ. ಕಲ್ಲೆಸೆದು ಅಟ್ಟಿದ.

ಕೆಲವೇ ವರ್ಷಗಳಲ್ಲಿ ಆ ವಂಶ ಅಳಿಯಿತು. ಎರಡನೆಯವನು ಹೊಸ ಧರ್ಮ ತಂದ. ದೇವರ ಮುಂದೆ ಎಲ್ಲರೂ ಸಮ ಎಂದ. ಗಡಿಗಲ್ಲಿನ ಇನ್ನೊಂದು ಮಗ್ಗುಲಲ್ಲಿ ಅವನ ಗುರುತು ಕೊರೆದರು. ಕೇರಿಗೆ ಕೇರಿಯೇ ಆ ಧರ್ಮ ಸೇರಿತು. ಆದರೆ ಅವರಿಗಿಂತ ಮೊದಲು ಸೇರಿದವನು ಗೌಡ. ಯಾವ ಸಾಮ್ರಾಜ್ಯ ಬರಲಿ, ಮೊದಲು ಎದುರುಗೊಳ್ಳುವವನು ಗೌಡ.

“ಬುದ್ಧೀ, ಈಗ ನಿಮ್ಮ ದೇವರೂ ನಮ್ಮ ದೇವರೂ ಒಬ್ಬನೇ ಅಲ್ಲವೇ? ಹಗ್ಗ ಕೊಡಿ,” ಎಂದ ಕಲ್ಲು ಹೊರುವವನು.

“ಒಬ್ಬನೇ ಕಣೋ. ಅವನನ್ನೇ ಕರಿ, ಬಂದು ಸೇದಿ ಕೊಡುತ್ತಾನೆ,” ಎಂದು ಗೌಡ ನಕ್ಕ. ಸುತ್ತ ಇದ್ದವರೂ ನಕ್ಕರು.

ಮೂರನೆಯವನು ನ್ಯಾಯದ ದೊರೆ ಎನಿಸಿಕೊಂಡಿದ್ದ. ಅವನ ದಳಪತಿಯನ್ನು ಎದುರುಗೊಳ್ಳಲು ಊರೆಲ್ಲ ಹೋಯಿತು. ಆ ದಿನವೇ ಕಲ್ಲು ಹೊರುವವನ ಮಗಳು, ಹಸಿ ಬಾಣಂತಿ, ಜ್ವರದಲ್ಲಿ ನೀರು ನೀರು ಎಂದು ಬಡಬಡಿಸುತ್ತಿದ್ದಳು. ಅವನು ಖಾಲಿ ಕೊಡ ಇಟ್ಟುಕೊಂಡು ಕೂತೇ ಇದ್ದ. ಹೊಯ್ಯುವವರು ಯಾರೂ ಇರಲಿಲ್ಲ. ಬಾವಿ ತುಂಬ ನೀರಿತ್ತು. ಸಂಜೆಗೆ ಮಗಳು ಸತ್ತಳು.

ಮಾರನೆಯ ದಿನ, ಮೂರನೆಯ ಗುರುತು ಕೊರೆಯಲೆಂದು ಊರಿಗೆ ತರಿಸಿದ್ದ ಗಡಿಗಲ್ಲನ್ನು ಮತ್ತೆ ಗಡಿಗೆ ಹೊರು ಎಂದು ಅವನಿಗೆ ಅಪ್ಪಣೆಯಾಯಿತು. ಅವನು ಹೊತ್ತು ತಂದು ಬಾವಿಕಟ್ಟೆಯ ಮುಂದೆ ನೆಟ್ಟ.

“ಗಡಿ ಗುಡ್ಡದಾಚೆ ಅಲ್ಲವೇನೋ?” ಎಂದ ದಳಪತಿ.

“ಗುಡ್ಡ ದಾಟಿದ್ದೇನೆ ಸ್ವಾಮೀ. ಈ ಕಟ್ಟೆ ದಾಟಲು ಆಗಿಲ್ಲ. ನಿಮ್ಮ ರಾಜ್ಯ ಮುಗಿಯುವುದು ಇಲ್ಲೇ.”

ದಳಪತಿ ಗೌಡನ ಮುಖ ನೋಡಿದ. ಆ ಸೀಮೆಯ ಕಂದಾಯ ಎತ್ತಿಕೊಡಬೇಕಾದವನು ಗೌಡನೇ. ಬಾವಿಯ ಹಗ್ಗ ತರಿಸಿ, ಕಲ್ಲು ಹೊರುವವನನ್ನು ಆ ಕಲ್ಲಿಗೇ ಕಟ್ಟಿ ಹೊಡೆದರು. ಹಗ್ಗ ಅವನ ಮೈಗೆ ತಾಗಿದ್ದು ಅದೊಂದೇ ಸಲ. ಅವನು ಮತ್ತೆ ಏಳಲಿಲ್ಲ. ಹಗ್ಗ ಮೈಲಿಗೆಯಾಯಿತೆಂದು ಸುಟ್ಟು, ಹೊಸದನ್ನು ಹೊಸೆದರು. ಕಲ್ಲನ್ನು ಕೇರಿಯವರ ಕೈಲೇ ಗಡಿಗೆ ಹೊರಿಸಿದರು.

ಸಿದ್ಧವೀರ ತಲೆ ತಗ್ಗಿಸಿದ. “ಹಾಗಾದರೆ ಮೂರರಲ್ಲಿ…” ಎಂದು ತೊದಲಿದ.

“ಮೂರೂ ಮಣ್ಣಾದವು ಮಗೂ, ನಿಮ್ಮ ಮನೆಯ ಗೂಟದಲ್ಲಿರುವ ಹಗ್ಗವನ್ನು ಇವತ್ತು ಯಾರು ಯಾರು ಮುಟ್ಟಬಹುದು, ಅದನ್ನು ಹೇಳು.”