ಕಂಬಳಿ ಹೊದ್ದ ವೀಣೆ

"ಗುರುಗಳೇ, ಊರೂರು ಸುತ್ತಿ ಬರುವಷ್ಟರಲ್ಲಿ ಉಪವಾಸ ಬಿಟ್ಟೆ, ಜಪ ಬಿಟ್ಟೆ, ಮೌನವನ್ನೂ ಮುರಿದೆ. ಇನ್ನು ಯಾವ ಮುಖ ಹೊತ್ತು ಸಾಧನೆಗೆ ಕೂರಲಿ?" ಎಂದು ಶಿಷ್ಯ ಕೇಳಿದ.

ಗುರು ಒಂದು ಕತೆ ಹೇಳಿದರು.

ಒಬ್ಬ ವೈಣಿಕನಿದ್ದ. ಅವನಿಗೆ ವಿದ್ಯೆ ಕಲಿಸಿದ ಮುದುಕ ಹಾಸಿಗೆ ಹಿಡಿದಿದ್ದ. ಕಣ್ಣು ಮುಚ್ಚುವ ಮುಂಚೆ ನಿನ್ನ ಕೈಯಲ್ಲಿ ಒಮ್ಮೆ ತೋಡಿ ರಾಗ ಕೇಳಬೇಕು ಎಂದು ಹೇಳಿಕಳಿಸಿದ. ವೈಣಿಕ ನಿಂತ ಕಾಲಲ್ಲೇ ಗಾಡಿ ಹತ್ತಿದ. ಬಿರುಬೇಸಗೆ, ಬಯಲು ದಾರಿ. ಧೂಳು ತಾಗೀತೆಂದು ವೀಣೆಗೆ ಕರಿ ಕಂಬಳಿ ಸುತ್ತಿದ.

"ಸ್ವಾಮಿ, ಕರಿ ಕಂಬಳಿ ಬಿಸಿಲು ಕುಡೀತದೆ. ನನ್ನ ಎತ್ತಿಗೂ ನಾನು ಹೊದಿಸೋದಿಲ್ಲ," ಎಂದ ಗಾಡಿಯವನು.

"ನಿನ್ನ ಎತ್ತು ನೀನು ನೋಡಿಕೊ. ನನ್ನ ವೀಣೆ ನಾನು ನೋಡಿಕೊಳ್ತೀನಿ."

ತಂತಿಯಡಿ ಸ್ವರದ ಜಾಗ ತೋರಿಸುವ ವೀಣೆಯ ಇಪ್ಪತ್ನಾಲ್ಕು ಮೆಟ್ಟುಗಳು ಕೂತಿರುವುದು ಮೇಣದ ಮೇಲೆ. ಮುದುಕನ ಮಂಚದ ಪಕ್ಕ ಕಂಬಳಿ ಬಿಚ್ಚಿದರೆ, ಮೇಣ ಬೆಲ್ಲದ ಪಾಕದಂತೆ ಹರಿದಿತ್ತು. ಮೆಟ್ಟುಗಳು ಒಂದರ ಮೇಲೊಂದು ಒರಗಿ ಬಿದ್ದಿದ್ದವು. ಮತ್ತೆ ಮೇಣ ಕಾಯಿಸಿ, ಮೆಟ್ಟು ಕೂರಿಸಿ ಮೇಳ ಕಟ್ಟಲು ಮೂರು ದಿನ ಬೇಕು. ಮುದುಕನಿಗೆ ಮೂರು ಗಳಿಗೆ ಉಳಿದಂತೆಯೂ ಕಾಣಲಿಲ್ಲ.

"ಯಾಕೋ, ಶ್ರುತಿ ಮಾಡೋಕೂ ಮುಹೂರ್ತ ನೋಡ್ತಿದೀಯಾ?" ಎಂದ ಮುದುಕ, ಕಣ್ಣು ಮುಚ್ಚಿಕೊಂಡೇ.

"ಎಲ್ಲಾ ಜಾರಿಹೋಯ್ತು, ಅಯ್ಯಾ. ನನ್ನ ನೆರಳಿಗೆ ಸಿಕ್ಕಿದ್ದ ಒಂದೇ ಒಂದು ಮೆಟ್ಟು ನಿಂತಿದೆ."

"ಒಂದಿದೆಯಲ್ಲ. ನುಡಿಸು."

ವೈಣಿಕ ಬಿದ್ದ ಮೆಟ್ಟುಗಳನ್ನು ಕಿತ್ತು ಪಕ್ಕಕ್ಕಿಟ್ಟ. ನಿಂತಿದ್ದ ಮೆಟ್ಟಿನ ಮೇಲೆ ತಂತಿ ಒತ್ತಿ ಎಳೆದ. ಷಡ್ಜದ ಹೊಟ್ಟೆಯಿಂದ ರಿಷಭ ಬಂತು. ಇನ್ನಷ್ಟು ಎಳೆದಾಗ ಗಾಂಧಾರ ನಡುಗುತ್ತ ಮೇಲೆದ್ದಿತು. ಅಲ್ಲಿಂದಾಚೆಗೆ ಪಕ್ಕದ ತಂತಿಗೆ ಹೋದ, ಅದನ್ನೂ ಎಳೆದ. ಬೆರಳು ಸೀಳಿ ನೆತ್ತರು ಬಂದದ್ದು ಅವನಿಗೆ ತಿಳಿಯಲಿಲ್ಲ. ದಾರಿ ತೋರಿಸಲು ಬೇರೆ ಮೆಟ್ಟಿರಲಿಲ್ಲ. ಆದರೂ ಪ್ರತಿ ಸ್ವರ ತನ್ನ ಜಾಗಕ್ಕೆ ತಾನೇ ಬಂದು ನಿಂತಿತು. ನುಡಿಸುತ್ತಿರುವುದು ತನ್ನ ಕೈಯೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಬಾಗಿಲಲ್ಲಿದ್ದ ಗಾಡಿಯವನು ರುಮಾಲು ತೆಗೆದು ನೆಲಕ್ಕೆ ಕೂತ.

ಮುದುಕ ಕಣ್ಣು ತೆರೆದ. "ಈ ತೋಡಿ ನಾನು ನಿನಗೆ ಕಲಿಸಿದ್ದಲ್ಲ ಕಣೋ," ಎಂದ. ಆ ತೋಡಿ ಕೇಳುತ್ತಲೇ ಮುದುಕನ ಉಸಿರು ನಿಂತಿತು.

ಕತೆ ಮುಗಿಸಿ ಗುರು ಶಿಷ್ಯನ ಮುಖ ನೋಡಿದರು.

"ಬಿದ್ದದ್ದನ್ನೆಲ್ಲ ಹೇಳಿದೆಯಲ್ಲ ಮಗು, ನಿನ್ನಲ್ಲಿ ಇನ್ನೂ ನಿಂತಿರುವುದು ಯಾವುದು?"